ಅಪೋಲೊ ಬಂದರಿನ ಲೆಕ್ಕ, ಬಂಗಾಳ ಕೊಲ್ಲಿಯ ನೀರು

ಊರಿನಿಂದ ನೆಂಟರು ಬಂದರೆ ನಾವು ಮುಂಬಯಿ ಕನ್ನಡಿಗರು ಮೊದಲು ಕರೆದೊಯ್ಯುವುದು ಗೇಟ್‌ವೇ ಆಫ್ ಇಂಡಿಯಾಕ್ಕೆ. 1924ರಲ್ಲಿ ಆ ಕಮಾನು ಪೂರ್ತಿಯಾಗುವುದಕ್ಕೂ ಎಷ್ಟೋ ಮೊದಲು, 1878ರಿಂದ, ಅದೇ ಅಪೋಲೊ ಬಂದರಿನಲ್ಲಿ ಸದ್ದಿಲ್ಲದೆ ಇನ್ನೊಂದು ಕೆಲಸ ನಡೆದಿತ್ತು. ಸಮುದ್ರ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಬರೆದಿಡುವ ಕೆಲಸ. ಆ ಕಾಲದ ಮಾಪಕ ಬಲು ಸರಳ. ಸಮುದ್ರದ ನೀರು ಒಳಬರುವ ಒಂದು ಬಾವಿ, ಅದರಲ್ಲೊಂದು ತೇಲುಗುಂಡು, ಗುಂಡು ಏರಿಳಿದಂತೆ ಕಾಗದದ ಮೇಲೆ ಗೆರೆ ಎಳೆಯುವ ಪೆನ್ಸಿಲು. ಹಡಗುಗಳಿಗೆ ಭರತ–ಇಳಿತದ ವೇಳೆ ಗೊತ್ತಾಗಬೇಕು ಎಂಬುದೂ ಒಂದು ಉದ್ದೇಶ. ಬ್ರಿಟಿಷರ ಈ ಲೆಕ್ಕ ಮುಂದೆ ಹಿಂದೂ ಮಹಾಸಾಗರದ ಅತ್ಯಂತ ದೀರ್ಘ ದಾಖಲೆಗಳಲ್ಲಿ ಒಂದಾಯಿತು.

ಈ ಲೆಕ್ಕವನ್ನು ಬೇರೆಯೇ ಕಣ್ಣಿನಿಂದ ಓದಿದವರಲ್ಲಿ ಡಾ. ಸತೀಶ ಶೇಟ್ಯೆ ಒಬ್ಬರು. ನಮ್ಮ ಪೊವಾಯಿಯ ಐಐಟಿಯಲ್ಲಿ ಭೌತಶಾಸ್ತ್ರ ಓದಿ, ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಸಾಗರವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಸೇರಿದವರು. 1966ರಲ್ಲಿ ಹುಟ್ಟಿದ ಸಂಸ್ಥೆ ಅದು. ಮುಂಬಯಿಯಲ್ಲೂ ಅದಕ್ಕೊಂದು ಪ್ರಾದೇಶಿಕ ಕೇಂದ್ರವಿದೆ.

ಅವರು ಕೈಗೆತ್ತಿಕೊಂಡದ್ದು ದೂರದ ಆಳಸಾಗರವನ್ನಲ್ಲ, ನಮ್ಮ ದಡದ ಪಕ್ಕದ ನೀರನ್ನು. ಪಶ್ಚಿಮ ಕರಾವಳಿಯ ಉದ್ದಕ್ಕೂ ಹರಿಯುವ ಒಂದು ಪ್ರವಾಹವಿದೆ. ಮಳೆಗಾಲದಲ್ಲಿ ಅದು ದಕ್ಷಿಣಕ್ಕೆ ಹರಿಯುತ್ತದೆ. ಆಗ ಕೇರಳ–ಕರ್ನಾಟಕದ ತೀರದಲ್ಲಿ ತಳದ ತಣ್ಣೀರು ಮೇಲೆ ಬರುತ್ತದೆ, ಅದರೊಂದಿಗೆ ಮೀನಿಗೆ ಮೇವು ಹುಟ್ಟಿಸುವ ಲವಣಗಳೂ ಬರುತ್ತವೆ. ಮಳೆ ನಿಂತ ಮೇಲೆ ಮಲ್ಪೆ, ಮಂಗಳೂರಿನ ದೋಣಿಗಳಿಗೆ ಸಿಗುವ ಬೂತಾಯಿ, ಬಂಗುಡೆಯ ಹಿಂದೆ ಈ ತಣ್ಣೀರಿನ ಪಾಲೂ ಇದೆ. ಇದರಲ್ಲಿ ಅಚ್ಚರಿಯೇನಿಲ್ಲ, ಗಾಳಿ ತಳ್ಳಿದತ್ತ ನೀರು ಹೋಯಿತು ಎನ್ನಬಹುದು. ಒಗಟು ಇರುವುದು ಚಳಿಗಾಲದಲ್ಲಿ. ಆಗ ಗಾಳಿ ಉತ್ತರದ ಕಡೆಯಿಂದ ಬೀಸುತ್ತದೆ, ಪ್ರವಾಹ ಮಾತ್ರ ಗಾಳಿಗೆ ಎದುರಾಗಿ ಉತ್ತರಕ್ಕೇ ಹೋಗುತ್ತದೆ!

1980ರ ದಶಕದ ಕೊನೆಯಲ್ಲಿ ಶೇಟ್ಯೆ ಮತ್ತು ಸಂಗಡಿಗರು ಹಡಗಿನಲ್ಲಿ ಹೋಗಿ, ಬೇರೆ ಬೇರೆ ಆಳದಲ್ಲಿ ನೀರಿನ ಉಷ್ಣತೆ, ಉಪ್ಪಿನಂಶ ಅಳೆದು ಈ ಪ್ರವಾಹದ ಚಿತ್ರ ಬಿಡಿಸಿದರು. 1990 ಮತ್ತು 1991ರಲ್ಲಿ ಪ್ರಕಟವಾದ ಅವರ ಲೇಖನಗಳನ್ನು ಈಗಲೂ ಉಲ್ಲೇಖಿಸುತ್ತಾರೆ. ಚಳಿಗಾಲದಲ್ಲಿ ದಕ್ಷಿಣದ ತುದಿಯಲ್ಲಿ ಸಮುದ್ರದ ಮಟ್ಟ ಕೊಂಚ ಎತ್ತರ, ಉತ್ತರದಲ್ಲಿ ತಗ್ಗು. ಆ ಇಳಿಜಾರೇ ಗಾಳಿಯನ್ನು ಸೋಲಿಸುತ್ತದೆ. ಇಳಿಜಾರಿನ ಮೂಲ ಹುಡುಕಿದರೆ ದಾರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅಲ್ಲಿ ಎದ್ದ ಬದಲಾವಣೆ ದಡವನ್ನು ಬಲಗಡೆ ಇಟ್ಟುಕೊಂಡು, ದೇವರಿಗೆ ಪ್ರದಕ್ಷಿಣೆ ಬಂದ ಹಾಗೆ, ದೀರ್ಘ ಅಲೆಗಳಾಗಿ ಶ್ರೀಲಂಕಾ ಸುತ್ತಿ ನಮ್ಮ ತೀರ ಹತ್ತುತ್ತದೆ. ಜೊತೆಗೆ ಕೊಲ್ಲಿಯ ಉಪ್ಪು ಕಡಿಮೆಯಿರುವ ನೀರೂ ಬರುತ್ತದೆ. 1992ರಲ್ಲಿ ಶೇಟ್ಯೆಯವರಿಗೆ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು. 2004ರಿಂದ 2012ರವರೆಗೆ ಸಂಸ್ಥೆಯ ನಿರ್ದೇಶಕರಾಗಿದ್ದು, ನಂತರ ಗೋವಾ ವಿಶ್ವವಿದ್ಯಾಲಯದ ಕುಲಪತಿಯಾದರು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು 1999ರಲ್ಲಿ ಡಿ. ಶಂಕರ್ ಜೊತೆ ಅವರು ಬರೆದ ಲೇಖನ. ಮುಂಬಯಿಯ ಆ ಹಳೆಯ ಲೆಕ್ಕವನ್ನೂ ದೇಶದ ಮಳೆಯ ಲೆಕ್ಕವನ್ನೂ ಅವರು ಪಕ್ಕಪಕ್ಕ ಇಟ್ಟು ನೋಡಿದರು. ಮಳೆ ಚೆನ್ನಾಗಿದ್ದ ದಶಕಗಳಲ್ಲಿ ಮುಂಬಯಿಯ ಸಮುದ್ರ ಮಟ್ಟ ಮೇಲೆ, ಮಳೆ ಕೈಕೊಟ್ಟ ದಶಕಗಳಲ್ಲಿ ಕೆಳಗೆ. ಅವರ ವಾದ ಹೀಗೆ: ನದಿಗಳು ಹೆಚ್ಚು ಸಿಹಿನೀರು ತಂದರೆ ದಡದ ನೀರಿನ ಉಪ್ಪು ತಗ್ಗುತ್ತದೆ, ನೀರು ಹಗುರಾಗಿ ಮಟ್ಟ ಏರುತ್ತದೆ, ಕೊಲ್ಲಿಗೆ ಬಿದ್ದ ಸಿಹಿನೀರನ್ನು ಕರಾವಳಿ ಪ್ರವಾಹ ಪಶ್ಚಿಮಕ್ಕೂ ಹೊತ್ತು ತರುತ್ತದೆ. ನಮ್ಮ ಕೃಷ್ಣೆಯನ್ನೇ ನೋಡಿ. ಮಹಾಬಳೇಶ್ವರದಲ್ಲಿ ಅರಬ್ಬೀ ಸಮುದ್ರಕ್ಕೆ ಅಷ್ಟು ಹತ್ತಿರ ಹುಟ್ಟಿ, ಅದಕ್ಕೆ ಬೆನ್ನು ತಿರುಗಿಸಿ, ಆಲಮಟ್ಟಿ ದಾಟಿ ಪೂರ್ವಕ್ಕೆ ಹೋದವಳು. ಗಂಗೆ, ಗೋದಾವರಿಯರ ಜೊತೆ ಅವಳ ನೀರೂ ಒಂದಿಷ್ಟು ಸುತ್ತುಬಳಸಿ ತವರಿನ ಕಡೆ ಬರುತ್ತದೆ ಎಂದಾಯಿತು.

ಹಾಗಾದರೆ ಸಮುದ್ರ ಏರುತ್ತಿದೆಯೇ ಎಂಬ ಪ್ರಶ್ನೆಗೆ ಹತ್ತಿಪ್ಪತ್ತು ವರ್ಷದ ಅಳತೆ ಸಾಲದು, ಮಳೆಯ ಏರಿಳಿತವೇ ಅದನ್ನು ಮುಚ್ಚಿಬಿಡುತ್ತದೆ. ಇನ್ನೊಂದು ತೊಡಕೂ ಉಂಟು: ನೀರು ಏರಿತೋ, ಮಾಪಕ ನಿಂತ ನೆಲವೇ ಕುಸಿಯಿತೋ, ಮಾಪಕಕ್ಕೆ ಗೊತ್ತಾಗದು. 2007ರಲ್ಲಿ ಅದೇ ಸಂಸ್ಥೆಯ ಎ. ಎಸ್. ಉನ್ನಿಕೃಷ್ಣನ್ ಮತ್ತು ಶಂಕರ್, ಮುಂಬಯಿ ಸೇರಿದಂತೆ ದೀರ್ಘ ದಾಖಲೆಯಿರುವ ಬಂದರುಗಳನ್ನು ಪರಿಶೀಲಿಸಿ, ವರ್ಷಕ್ಕೆ ಸರಾಸರಿ ಸುಮಾರು 1.29 ಮಿಲಿಮೀಟರ್ ಏರಿಕೆ ಎಂದರು. ನೂರು ವರ್ಷಕ್ಕೆ ಒಂದು ಗೇಣೂ ಇಲ್ಲ. ಆದರೆ ಅದು ಹಿಂದಿನ ಲೆಕ್ಕ. 1993ರಿಂದೀಚೆಗೆ ಉಪಗ್ರಹಗಳು ಅಳೆದ ಜಾಗತಿಕ ಸರಾಸರಿ ವರ್ಷಕ್ಕೆ 3 ಮಿಲಿಮೀಟರ್ ದಾಟಿದೆ.

ಕೆರೆ, ಖಾಡಿ ತುಂಬಿಸಿ ಕಟ್ಟಿದ ಊರು ನಮ್ಮದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಕಡಲಲ್ಲಿ ಭರತವೂ ಇತ್ತು. ಮೀಠಿ ನದಿಗೂ ನಾಲೆಗಳಿಗೂ ನೀರು ಬಿಡಲು ಜಾಗವಿರಲಿಲ್ಲ. ಅಂಥ ದಿನ ಕುರ್ಲಾ, ಕಲಿನಾದ ಮನೆಯೊಳಗೆ ನೀರು ಎಲ್ಲಿಯವರೆಗೆ ಬರುತ್ತದೆ ಎಂಬುದರಲ್ಲಿ ಆ ಮಿಲಿಮೀಟರ್‌ಗಳೂ ಕೂಡಿರುತ್ತವೆ.