ನೆಲದ ಕೆಳಗಿನ ಹಾದಿ

ಕಲಬುರಗಿಯ ಮಕ್ಕಳಿಗೆ ಇತಿಹಾಸ ಕಲಿಸುವುದು ನನಗೆಂದೂ ಕಷ್ಟವೆನಿಸಿಲ್ಲ. 1347ರಲ್ಲಿ ಬಹಮನಿ ಸುಲ್ತಾನರು ರಾಜಧಾನಿ ಮಾಡಿಕೊಂಡ ಊರು. ಕೋಟೆ, ಕಂದಕ ಕಣ್ಣೆದುರಿಗೇ ಇವೆ. ಕಾಣುವುದನ್ನು ಯಾರೂ ಮರೆಯುವುದಿಲ್ಲ. ನನ್ನ ಚಿಂತೆ ಕಾಣದಿರುವುದರ ಬಗ್ಗೆ.

ಊರೀಗ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದ ಕಡೆಗೂ ಬೆಳೆಯುತ್ತಿದೆ. ತೊಗರಿ ಇದ್ದ ಹೊಲದಲ್ಲಿ ಪ್ಲಾಟಿನ ಕಲ್ಲುಗಳು. "ಅಕ್ಕೋರೆ, ಪಾಟ್ಲಿ ಮಾರಿ ಒಂದು ಪ್ಲಾಟ್ ಹಿಡೀತೀನ್ರೀ" ಎಂದರು ನಮ್ಮ ಶಾಲೆಯ ಒಬ್ಬ ಕಿರಿಯ ಶಿಕ್ಷಕಿ. "ಕೆಳಗೇನದ ನೋಡೀರೇನು?" ಎಂದೆ. ಅವರು ನಕ್ಕರು.

ನಗುವ ಮಾತಲ್ಲ. ನೀರು, ಒಳಚರಂಡಿ, ಕೇಬಲ್ಲುಗಳ ಜೊತೆಗೆ ನೈಸರ್ಗಿಕ ಅನಿಲದ ಕೊಳವೆಯೂ ಊರುಗಳ ಕೆಳಗೆ ಸೇರುತ್ತಿರುವ ಕಾಲವಿದು. ದೊಡ್ಡ ಕೊಳವೆ ಹೊಲ ದಾಟುವಾಗ ನೆಲವನ್ನು ಕೊಳ್ಳಬೇಕೆಂದಿಲ್ಲ. 1962ರ ಕಾಯ್ದೆಯ ಪ್ರಕಾರ ನೆಲ ರೈತನದೇ, ಬಳಕೆಯ ಹಕ್ಕು ಮಾತ್ರ ಕಂಪನಿಯದು. ಆ ಪಟ್ಟಿಯಲ್ಲಿ ಜೋಳ ಬಿತ್ತಬಹುದು. ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಮಹಾರಾಷ್ಟ್ರದ ದಾಭೋಳದಿಂದ ಬೆಳಗಾವಿ, ಧಾರವಾಡದ ಮೇಲೆ ಬೆಂಗಳೂರಿನತ್ತ ಬಂದ ಕೊಳವೆ 2013ರಲ್ಲಿ ಶುರುವಾಯಿತು. ಹೊಲ ಹೊಲವಾಗಿಯೇ ಇರುವತನಕ ರೈತನಿಗೆ ಎಲ್ಲ ನೆನಪಿರುತ್ತದೆ. ಅದೇ ಹೊಲ ಪ್ಲಾಟಾಗಿ ನಾಲ್ಕು ಕೈ ಬದಲಾದ ಮೇಲೆ?

2014ರ ಜೂನ್ 27ರ ನಸುಕಿನಲ್ಲಿ ಆಂಧ್ರದ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಗ್ರಾಮದಲ್ಲಿ ಕೊಳವೆ ಸಿಡಿಯಿತು. ಮನೆಗಳು ಅದಕ್ಕೆ ಹತ್ತಿರವೇ ಇದ್ದವು. 20ಕ್ಕೂ ಹೆಚ್ಚು ಜನ ಬೆಂದುಹೋದರು. ಅಮೆರಿಕದ ಸ್ಯಾನ್ ಬ್ರೂನೋದಲ್ಲಿ 1956ರಲ್ಲಿ ಹೂತಿದ್ದ ಕೊಳವೆ 2010ರಲ್ಲಿ ಒಡೆದು 8 ಜನ ಸತ್ತರು. ಬೆಸುಗೆಯೇ ಇಲ್ಲದ ಕೊಳವೆಯೆಂದು ದಾಖಲೆ ಹೇಳುತ್ತಿತ್ತು, ಒಡೆದದ್ದು ಬೆಸುಗೆಯಲ್ಲೇ. ದಾಖಲೆ ತಪ್ಪಿದರೆ ಅದನ್ನು ನಂಬಿ ಮೇಲೆ ಬಾಳುವವರ ಗತಿ ಇದು.

ನಮ್ಮ ಎರೆನೆಲವಂತೂ ಬೇಸಿಗೆಗೆ ಬಿರಿದು ಮಳೆಗೆ ಉಬ್ಬುತ್ತದೆ. ಹೂತಿದ್ದನ್ನು ಸುಮ್ಮನಿರಗೊಡುವ ಮಣ್ಣಲ್ಲ ಅದು. ಆದ್ದರಿಂದ ನಗರದ ನಕಾಶೆಯಲ್ಲಿ ಕೊಳವೆಯ ಗೆರೆ ಮೊದಲು ಬೀಳಬೇಕು, ಬಡಾವಣೆಯ ಗೆರೆ ಆಮೇಲೆ. ಕೊಳವೆಯ ಪಟ್ಟಿ ಹುಲ್ಲಿನ ಬಯಲಾಗಿ ಉಳಿಯಲಿ. ಶಾಲೆ, ಆಸ್ಪತ್ರೆ ದೂರವಿರಲಿ. ಜೆ.ಸಿ.ಬಿ. ಬಕೆಟ್ಟು ಮಣ್ಣಿಗಿಳಿಯುವ ಮೊದಲು ಒಬ್ಬರು ಕೇಳಲಿ, ಒಬ್ಬರು ಉತ್ತರ ಕೊಡಲಿ.

ಪ್ಲಾಟ್ ಕೊಳ್ಳುವಾಗ ನಾವು ದಿಕ್ಕು ನೋಡುತ್ತೇವೆ, ವಾಸ್ತು ಕೇಳುತ್ತೇವೆ. ಅದರ ಜೊತೆಗೆ ಪಹಣಿಯಲ್ಲಿ ಬೇರೆಯವರ ಹಕ್ಕು ಬರೆದಿದೆಯೇ ಎಂದು ಓದಿಸಿಕೊಳ್ಳಿ. ನಗರ ಯೋಜನೆಯ ಕಚೇರಿಯಲ್ಲಿ ನಕಾಶೆ ತೋರಿಸಿ ಎಂದು ಕೇಳಿ. ಪಾಟ್ಲಿ ನಮ್ಮದು, ಮಲಗುವ ಮಕ್ಕಳೂ ನಮ್ಮವರು, ಕೇಳಲು ಸಂಕೋಚವೇಕೆ?