ಸಣ್ಣ ಕಾರಿನ ಮರುಹುಟ್ಟು

ಮನೆಗೆ ಸುಣ್ಣ ಬಳಿಸುವುದು ಒಂದು, ಕೆಡವಿ ತಳಪಾಯದಿಂದ ಕಟ್ಟಿಸುವುದು ಇನ್ನೊಂದು. ಮೋಟಾರು ಕಾರುಗಳ ಚರಿತ್ರೆಯಲ್ಲಿಯೂ ಈ ಭೇದವನ್ನು ಮರೆಯಲಾಗದು. ದೀಪಗಳ ಆಕಾರವನ್ನು ತಿದ್ದಿದ ಮಾತ್ರಕ್ಕೆ ಕಾರು ಹೊಸದಾಗುವುದಿಲ್ಲ. ತಗಡನ್ನು ಒತ್ತುವ ಅಚ್ಚುಗಳನ್ನೇ ಬದಲಿಸಿ ಒಡಲನ್ನು ಬೇರೆಯಾಗಿ ರಚಿಸಿದಾಗಲೇ ಅದು ಹೊಸ ತಲೆಮಾರೆನಿಸುತ್ತದೆ. ಆ ಅಚ್ಚುಗಳು ಬಹಳ ದುಬಾರಿ. ಅಗ್ಗವಾಗಿ ಮಾರಬೇಕಾದ ಸಣ್ಣ ಕಾರು ಲಕ್ಷಗಟ್ಟಲೆ ಖರ್ಚಾದರಲ್ಲದೆ ಹಾಕಿದ ಹಣ ಹಿಂದಿರುಗದು. ಆದುದರಿಂದ ಎಷ್ಟು ವರ್ಷಕ್ಕೊಮ್ಮೆ ಬದಲಿಸಬೇಕೆಂಬುದು ಬರಿಯ ಸೊಗಸಿನ ಪ್ರಶ್ನೆಯಲ್ಲ, ಕಾರ್ಖಾನೆಯ ಅಳಿವು ಉಳಿವಿನ ಪ್ರಶ್ನೆ.

1948ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆಯ ಹೊಣೆ ಹೊತ್ತ ಹೈನ್ಸ್ ನೋರ್ಡ್‌ಹಾಫ್ ಅವರು ‘ಬೀಟಲ್’ ಕಾರಿನ ರೂಪವನ್ನು ಹಾಗೆಯೇ ಉಳಿಸಿ, ಬಿಡಿಭಾಗಗಳನ್ನು ಮಾತ್ರ ಉತ್ತಮಪಡಿಸುತ್ತ ಹೋದರು. ಅಮೆರಿಕದ ದೊಡ್ಡ ಕಂಪನಿಗಳು ವರ್ಷ ವರ್ಷವೂ ಹೊಸ ವೇಷ ತೊಡಿಸುತ್ತಿದ್ದ ಕಾಲವದು. ಈ ಸ್ಥಿರತೆಯೇ ಬೀಟಲ್ಲಿನ ಕೀರ್ತಿಯಾಯಿತು. 1972ರ ಫೆಬ್ರವರಿಯಲ್ಲಿ ಅದು ಫೋರ್ಡ್ ‘ಮಾಡೆಲ್ ಟಿ’ಯ ಒಂದೂವರೆ ಕೋಟಿಯ ದಾಖಲೆಯನ್ನು ಮೀರಿತು. ಆದರೆ ಎರಡೇ ವರ್ಷಗಳಲ್ಲಿ ಸಂಸ್ಥೆ ಭಾರಿ ನಷ್ಟಕ್ಕೊಳಗಾಯಿತು. ಗಾಳಿಯಿಂದ ತಣಿಯುವ ಹಿಂಬದಿಯ ಎಂಜಿನ್ ಹಳೆಯದಾಗಿತ್ತು. 1974ರಲ್ಲಿ ಬಂದ ‘ಗಾಲ್ಫ್’ ಎಂಜಿನ್ನನ್ನು ಮುಂದಿಟ್ಟು, ಮುಂದಿನ ಚಕ್ರಗಳಿಗೇ ಚಾಲನೆ ಕೊಟ್ಟು, ಮುಳುಗುತ್ತಿದ್ದ ಸಂಸ್ಥೆಯನ್ನು ದಡ ಸೇರಿಸಿತು.

ಜಪಾನಿನ ಮಾರ್ಗವೇ ಬೇರೆ. ಟೊಯೋಟಾ ‘ಕರೋಲಾ’ 1966ರಲ್ಲಿ ಹುಟ್ಟಿತು. ಅದೇ ವರ್ಷ ಬಂದ ನಿಸಾನ್ ‘ಸನ್ನಿ’ಗಿಂತ ತನ್ನ ಎಂಜಿನ್ 100 ಸಿ.ಸಿ. ದೊಡ್ಡದೆಂಬುದೇ ಅದರ ಹೆಗ್ಗಳಿಕೆ. ಇಂಥ ಎದುರಾಳಿ ಮಗ್ಗುಲಲ್ಲಿರುವಾಗ ಸುಮ್ಮನಿರುವುದೆಂತು? 1970, 1974, 1979, 1983, 1987, 1991, 1995: ನಾಲ್ಕೈದು ವರ್ಷಗಳಿಗೊಮ್ಮೆ ತಪ್ಪದೆ ಕರೋಲಾ ಹೊಸ ಜನ್ಮವೆತ್ತಿತು.

ಎರಡರ ಲೆಕ್ಕವನ್ನೂ ಎದುರುಬದುರಿಟ್ಟರೆ ಒಂದು ಸ್ವಾರಸ್ಯ ಕಾಣುತ್ತದೆ. ಮೊದಲ ಗಾಲ್ಫ್ ಒಂಬತ್ತು ವರ್ಷ, ಎರಡನೆಯದು ಎಂಟು ವರ್ಷ ನಡೆಯಿತು. ಅನಂತರ 1991, 1997, 2003, 2008, 2012ರಲ್ಲಿ ಬದಲಾಗಿ ಅವಧಿ ನಾಲ್ಕು ವರ್ಷಗಳವರೆಗೂ ಇಳಿಯಿತು. ಕರೋಲಾ ಆದರೋ 2000ದ ಬಳಿಕ 2006, 2012, 2018 ಎಂದು ಆರಾರು ವರ್ಷಗಳ ನಡಿಗೆಗೆ ಬಂದಿತು. ನಿಧಾನಸ್ಥ ಅವಸರಪಟ್ಟ, ಅವಸರದವ ನಿಧಾನಿಸಿದ! ಈಗೀಗ ಒಂದೇ ತಳಹದಿಯ ಮೇಲೆ ಹಲವು ಕಾರುಗಳನ್ನು ಕಟ್ಟುವ ಪದ್ಧತಿ ಬಂದಿದೆ. ಆದ್ದರಿಂದ ಮೈ ಬದಲಾದರೂ ತಳಹದಿ ಉಳಿಯಬಹುದು. 2019ರ ಗಾಲ್ಫ್ ನಿಂತಿರುವುದು ಹಿಂದಿನದರ ತಳಹದಿಯನ್ನೇ ತಿದ್ದಿದ ಮೇಲೆ.

ಬೀಟಲ್ ರೂಪವನ್ನು ಕಾಪಾಡಿಕೊಂಡು ಎರಡು ಕೋಟಿ ಮೀರಿತು. 2003ರಲ್ಲಿ ಮೆಕ್ಸಿಕೋದ ಪುವೆಬ್ಲಾದಲ್ಲಿ ಮುಗಿಯಿತು. ಕರೋಲಾ ರೂಪವನ್ನು ಬಿಟ್ಟು ಬಿಟ್ಟು ಹೆಸರನ್ನು ಕಾಪಾಡಿಕೊಂಡು ಐದು ಕೋಟಿ ಮೀರಿತು. 2003ರಿಂದ 2020ರವರೆಗೆ ನಮ್ಮ ಬಿಡದಿಯಿಂದ ಹೊರಟ ಕರೋಲಾಗಳೂ ಮೂರು ತಲೆಮಾರು ಕಂಡವು. ಬದಲಾಗುವುದೂ ಬದಲಾಗದಿರುವುದೂ ತಮ್ಮಷ್ಟಕ್ಕೆ ಗುಣಗಳಲ್ಲ. ಬದಲಾಗಬೇಕಾದ ಹೊತ್ತನ್ನು ಅರಿಯುವುದೇ ಗುಣ. ಬೀಟಲ್ಲಿನ ದಾಖಲೆಗೂ ಸಂಸ್ಥೆಯ ಸಂಕಟಕ್ಕೂ ನಡುವೆ ಇದ್ದ ಅಂತರ ಎರಡೇ ವರ್ಷ.