ಗುಂಡುಮಗು ಎಂಬ ಹೆಮ್ಮೆ

ಮಗುವನ್ನು ನೋಡಿದೊಡನೆ ನಮ್ಮ ಹೆಂಗಸರು ಆಡುವ ಮಾತುಗಳು ಎರಡೇ. ಒಂದು, “ಎಷ್ಟು ಗುಂಡುಗುಂಡಾಗಿದೆ, ದೃಷ್ಟಿ ತೆಗೀರಿ.” ಇನ್ನೊಂದು, “ಅಯ್ಯೋ, ಹೀಗೆ ಸೊರಗಿದೆಯಲ್ಲ, ಹೊಟ್ಟೆಗೆ ಸರಿಯಾಗಿ ಹಾಕ್ತಿಲ್ಲವೇನು?” ಮದುವೆ, ನಾಮಕರಣಗಳಲ್ಲಿ ಈ ಎರಡನೆಯ ಮಾತು ಕೇಳಿಸಿಕೊಂಡವರಲ್ಲಿ ನಾನೂ ಒಬ್ಬಳು. ಮಕ್ಕಳು ದಪ್ಪಗಿರಲಿ ಎಂಬ ಈ ಹಂಬಲ ಎಲ್ಲಿಂದ ಬಂತೆಂದು ಹುಡುಕಿದರೆ, ಅದರ ಬೇರು ಸಿಗುವುದು ಹಸಿವಿನಲ್ಲಿ.

ಧಾತು, ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876-78ರಲ್ಲಿ, ಮೈಸೂರು ಸೀಮೆಗೆ ಘೋರ ಬರ ಬಂತು. 1871ರ ಜನಗಣತಿಯಲ್ಲಿ 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷಕ್ಕೂ ಕೆಳಗಿಳಿದಿತ್ತು. ಅಂಥ ಕಾಲದಲ್ಲಿ ಮೈತುಂಬಿಕೊಂಡ ಮಗು ಜ್ವರ, ಭೇದಿಗಳನ್ನು ಗೆದ್ದು ಉಳಿದೀತೆಂಬ ಆಸೆ ಸುಳ್ಳಲ್ಲ. ನಮ್ಮ ಮುತ್ತಜ್ಜಿಯರಿಗೆ ಗುಂಡುಮಗು ಎಂದರೆ ಬದುಕುವ ಮಗು.

ಆಮೇಲೆ ಬಂದದ್ದು ಡಬ್ಬಿ. ನ್ಯೂಜಿಲೆಂಡಿನ ಹಾಲಿನಪುಡಿ ಗ್ಲಾಕ್ಸೋ ಎಂಬ ಹೆಸರಿನಿಂದ ನಮ್ಮ ದೇಶಕ್ಕೂ ಬಂತು. ಕೆನ್ನೆ ಉಬ್ಬಿದ ಮಗುವಿಗೆ ‘ಗ್ಲಾಕ್ಸೋ ಬೇಬಿ’ ಎಂದೇ ಹೆಸರಾಯಿತು. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಸಿ.ಎಫ್.ಟಿ.ಆರ್.ಐ. ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನ ಕಂಡುಹಿಡಿಯಿತು. ಬಾಣಂತಿಗೆ ಹಾಲು ಬಾರದ ಮನೆಗಳಿಗೆ ಅದು ಉಪಕಾರವೇ. ಆದರೆ ಜಾಹೀರಾತಿನ ಮಗುವಿನ ಪಕ್ಕದಲ್ಲಿ ತಾಯಿಯ ಎದೆಹಾಲು ಕುಡಿದ ಮಗು ಬಡಕಲಾಗಿ ಕಂಡಿತು. ಕೊನೆಗೆ 1992ರಲ್ಲಿ ಕಾಯಿದೆ ಬಂದು, ಹಾಲಿನಪುಡಿ ಡಬ್ಬಿಯ ಮೇಲೆ ಮಗುವಿನ ಚಿತ್ರವನ್ನೇ ಹಾಕಕೂಡದೆಂದು ವಿಧಿಸಿತು. ಡಬ್ಬಿಯಿಂದ ಹೋದ ಚಿತ್ರ ನಮ್ಮ ಮನಸ್ಸಿನಿಂದ ಹೋಗಲಿಲ್ಲ.

ಈ ಕಥೆಯ ಮುಂದಿನ ಭಾಗವೂ ಮೈಸೂರಿನದೇ. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾಖಲೆ ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ಆ ಮಕ್ಕಳು ನಡುವಯಸ್ಸಿಗೆ ಬಂದಾಗ ಸಂಶೋಧಕರು ಅವರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ತೀರ ಕಡಿಮೆ ತೂಕವಿದ್ದವರಲ್ಲೇ ಹೃದಯದ ಕಾಯಿಲೆ ಹೆಚ್ಚೆಂದು 1996ರಲ್ಲಿ ಪ್ರಕಟವಾಯಿತು.

ಹಾಗಾದರೆ ಹುಟ್ಟಿದ ಮೇಲೆ ತುಂಬ ತಿನ್ನಿಸಿದರಾಯಿತಲ್ಲವೇ? ಅದಕ್ಕೆ ದೆಹಲಿಯಿಂದ ಉತ್ತರ ಬಂತು. ಅಲ್ಲಿ 1969-72ರಲ್ಲಿ ಹುಟ್ಟಿದ ಸುಮಾರು 1,500 ಮಂದಿಯನ್ನು ಬಾಲ್ಯದಿಂದಲೇ ಅಳೆಯುತ್ತ ಬಂದಿದ್ದರು. ಎರಡು ವರ್ಷದವರೆಗೆ ತೆಳ್ಳಗಿದ್ದು, ಅಲ್ಲಿಂದ ಹನ್ನೆರಡರೊಳಗೆ ಬೇಗಬೇಗ ಮೈ ತುಂಬಿಕೊಂಡವರಲ್ಲಿ, ಮೂವತ್ತರ ಆಸುಪಾಸಿನಲ್ಲೇ ಸಕ್ಕರೆ ಕಾಯಿಲೆ ಅಥವಾ ಅದರ ಮುನ್ಸೂಚನೆ ಹೆಚ್ಚಾಗಿತ್ತು. 2004ರಲ್ಲಿ ಪ್ರಕಟವಾದ ಆ ವರದಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ವಿಷಯ: ಹನ್ನೆರಡರಲ್ಲಿ ಅವರಾರೂ ಅತಿ ದಪ್ಪಗಿರಲಿಲ್ಲ. ನೋಡಿದವರು “ಈಗ ಸ್ವಲ್ಪ ಮೈಗೂಡಿದೆ” ಎಂದು ಸಂತೋಷಪಟ್ಟಿರಬೇಕು, ಅಷ್ಟೆ.

ಈಗಂತೂ ಕಣ್ಣಿಗೆ ಕಾಣುವಷ್ಟು ದಪ್ಪಗಿರುವ ಮಕ್ಕಳೇ ಹೆಚ್ಚುತ್ತಿದ್ದಾರೆ. 5ರಿಂದ 19 ವರ್ಷದೊಳಗಿನ ಬೊಜ್ಜಿನ ಮಕ್ಕಳು 1990ರಲ್ಲಿ ದೇಶದಲ್ಲಿ ಸುಮಾರು 4 ಲಕ್ಷವಿದ್ದರು; 2022ರಲ್ಲಿ 1.25 ಕೋಟಿ ಎಂದು ಅಂದಾಜು. ರಕ್ತದೊತ್ತಡ, ಪಿತ್ತಜನಕಾಂಗದಲ್ಲಿ ಕೊಬ್ಬು, ಮಂಡಿನೋವು, ನಿದ್ದೆಯಲ್ಲಿ ಉಸಿರು ಕಟ್ಟುವುದು ಶಾಲೆಯ ವಯಸ್ಸಿಗೇ ಬರುತ್ತವೆ. ಹೆಣ್ಣುಮಕ್ಕಳು ಬೇಗ ಮೈನೆರೆಯುತ್ತಾರೆ. ಇತ್ತ 2019-21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ 100ಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಹಸಿವೂ ಬೊಜ್ಜೂ ಒಂದೇ ಬೀದಿಯಲ್ಲಿವೆ.

ಆದ್ದರಿಂದ ಮಕ್ಕಳ ಊಟ ಕಿತ್ತುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಬಸುರಿಗೆ, ಬಾಣಂತಿಗೆ, ಎರಡು ವರ್ಷದೊಳಗಿನ ಕೂಸಿಗೆ ಒಳ್ಳೆಯ ಆಹಾರ ಸಿಗಲಿ. ಮೊದಲ ಆರು ತಿಂಗಳು ಎದೆಹಾಲು ಸಾಕು. ಶಾಲೆಗೆ ಹೋಗುವ ಮಗು “ಸಾಕಮ್ಮ” ಎಂದಾಗ ತಟ್ಟೆ ಎತ್ತಿಬಿಡೋಣ. ಬಿಸ್ಕತ್ತು, ಚಿಪ್ಸು ಪೊಟ್ಟಣದ ಬದಲು ಕಡಲೆಕಾಯಿ, ಸೀಬೆಹಣ್ಣು ಕೊಟ್ಟು ಸಂಜೆ ಒಂದು ಗಂಟೆ ಬೀದಿಗೆ ಆಡಲು ಕಳಿಸೋಣ. ಇನ್ನು ಮಗು ಸೊರಗಿದೆ ಎಂದು ಯಾರಾದರೂ ಅಂದರೆ, “ಓಡಾಡಿಕೊಂಡು ಚೆನ್ನಾಗಿದೆ ಕಣ್ರೀ” ಎಂದು ನಗುತ್ತ ಹೇಳುವಷ್ಟು ಧೈರ್ಯ ನಮಗಿರಲಿ.